ಏಳುವ ನೆಲದ ಮೇಲೆ ನಿಗಾ: ಕಾಂಪಿ ಫ್ಲೆಗ್ರೇ ಜ್ವಾಲಾಮುಖಿ

ಇಟಲಿಯ ನೇಪಲ್ಸ್ ನಗರದ ಪಶ್ಚಿಮಕ್ಕೆ, ಕಡಲ ದಂಡೆಯಲ್ಲಿ ಪೊಟ್ಸುವೊಲಿ ಎಂಬ ಊರಿದೆ. ಅಲ್ಲಿನ ಹಳೆಯ ದೋಣಿಗಟ್ಟೆಯಲ್ಲಿ ಮೀನುಗಾರರ ದೋಣಿಗಳು ಎಷ್ಟೋ ಸಲ ನೀರಿಲ್ಲದೆ ಕೆಸರಿನ ಮೇಲೆ ವಾಲಿಕೊಂಡಿರುತ್ತವೆ. ಸಮುದ್ರವೇನೂ ಬತ್ತಿಲ್ಲ, ಊರಿನ ನೆಲವೇ ಮೇಲೆದ್ದಿದೆ. 2005ರ ಕೊನೆಯಿಂದ 2025ರೊಳಗೆ ಊರಿನ ನಡುಭಾಗ 1.4 ಮೀಟರಿಗೂ ಹೆಚ್ಚು ಎತ್ತರಕ್ಕೆ ಬಂದಿದೆ. ಅದರ ಜೊತೆಗೇ ಸಾವಿರಾರು ಭೂಕಂಪಗಳು. ಹೆಚ್ಚಿನವು ಯಂತ್ರಕ್ಕೆ ಮಾತ್ರ ತಿಳಿಯುವಂಥವು, ಕೆಲವು ಗೋಡೆ ಬಿರಿಯುವಂಥವು.

ಇದಕ್ಕೆಲ್ಲ ಕಾರಣ ಊರಿನಡಿ ಇರುವ ಕಾಂಪಿ ಫ್ಲೆಗ್ರೇ ಜ್ವಾಲಾಮುಖಿ. ಜಗತ್ತಿನಲ್ಲಿ ಅತಿ ಹೆಚ್ಚು ಉಪಕರಣಗಳ ಕಣ್ಗಾವಲಿನಲ್ಲಿರುವ ಜ್ವಾಲಾಮುಖಿಗಳಲ್ಲಿ ಇದೂ ಒಂದು. ಇಷ್ಟೆಲ್ಲ ಅಳೆದ ಮೇಲೂ ಅದು ಯಾವಾಗ ಸಿಡಿಯುತ್ತದೆ ಎನ್ನುವುದಕ್ಕೆ ಉತ್ತರವಿಲ್ಲ. ಈ ಸಲ ಸಿಡಿಯುತ್ತದೆಯೇ ಎನ್ನುವುದಕ್ಕೂ ಇಲ್ಲ.

ಬೆಟ್ಟವಿಲ್ಲದ ಜ್ವಾಲಾಮುಖಿ

ನೇಪಲ್ಸ್ ಅಂದಕೂಡಲೇ ನೆನಪಾಗುವುದು ಕ್ರಿ.ಶ. 79ರಲ್ಲಿ ಪೊಂಪೇಯಿಯನ್ನು ಹೂತುಹಾಕಿದ ವೆಸೂವಿಯಸ್. ಅದು ನಗರದ ಪೂರ್ವಕ್ಕಿದೆ, ದೂರದಿಂದಲೇ ಕಾಣುತ್ತದೆ, ಹೆದರಿಸುತ್ತದೆ. ಪಶ್ಚಿಮದ ಕಾಂಪಿ ಫ್ಲೆಗ್ರೇಗೆ ತೋರಿಸಿಕೊಳ್ಳಲು ಶಿಖರವೇ ಇಲ್ಲ. ಇದು ಕ್ಯಾಲ್ಡೆರಾ. ಅಂದರೆ, ಒಳಗಿನ ಶಿಲಾಪಾಕ ಒಮ್ಮೆಲೇ ಹೊರಬಿದ್ದು, ಮೇಲಿನ ನೆಲ ಆಸರೆ ತಪ್ಪಿ ಕುಸಿದಾಗ ಉಳಿದ ವಿಶಾಲವಾದ ತಗ್ಗು. ಅಗಲ ಹನ್ನೆರಡರಿಂದ ಹದಿನೈದು ಕಿಲೋಮೀಟರ್. ಒಂದು ಪಾಲು ಪೊಟ್ಸುವೊಲಿ ಕೊಲ್ಲಿಯ ನೀರಿನಡಿಯಲ್ಲಿದೆ, ಉಳಿದದ್ದರ ಮೇಲೆ ಊರುಗಳು, ಬಂದರು, ರೈಲು, ಆಸ್ಪತ್ರೆ, ಒಂದು ದೊಡ್ಡ ಫುಟ್‌ಬಾಲ್ ಕ್ರೀಡಾಂಗಣ.

ಸುಮಾರು 40,000 ವರ್ಷಗಳ ಹಿಂದೆ ಇಲ್ಲಾದ ಸ್ಫೋಟದ ಬೂದಿ ಈಗಿನ ರಷ್ಯಾದವರೆಗೂ ಹೋಗಿ ಬಿದ್ದಿದೆ. ಸುಮಾರು 15,000 ವರ್ಷಗಳ ಹಿಂದೆ ಮತ್ತೊಂದು ದೊಡ್ಡ ಸ್ಫೋಟವಾಯಿತು. ಅದರಿಂದ ಉಳಿದ ಹಳದಿ ಬೂದಿಗಲ್ಲನ್ನೇ ಕೊರೆದು ನೇಪಲ್ಸಿನವರು ಶತಮಾನಗಳ ಕಾಲ ಮನೆ, ಚರ್ಚು, ಅರಮನೆ ಕಟ್ಟಿಕೊಂಡರು. ಆಮೇಲಿನವು ಹತ್ತಾರು ಸಣ್ಣ ಸ್ಫೋಟಗಳು, ಪ್ರತಿಸಲವೂ ತಗ್ಗಿನೊಳಗೆ ಬೇರೆ ಬೇರೆ ಕಡೆ. ನಿಗಾ ಇಡುವವರಿಗೆ ದೊಡ್ಡ ತಲೆನೋವೇ ಇದು. ವೆಸೂವಿಯಸ್ಸಿನಲ್ಲಿ ಬಾಯಿ ಎಲ್ಲಿದೆ ಎಂದು ಗೊತ್ತು. ಇಲ್ಲಿ ಮುಂದಿನ ಬಾಯಿ ಯಾರ ಮನೆಯ ಹಿತ್ತಲಲ್ಲಿ ತೆರೆದೀತು ಎಂದು ಹೇಳಬಲ್ಲವರಿಲ್ಲ.

ಅಧಿಕೃತವಾಗಿ ‘ಕೆಂಪು ವಲಯ’ ಎಂದು ಗುರುತಿಸಿದ ಪ್ರದೇಶದಲ್ಲಿ ಸುಮಾರು ಐದು ಲಕ್ಷ ಜನರಿದ್ದಾರೆ. ಜ್ವಾಲಾಮುಖಿಯನ್ನು ಹಗಲೂ ರಾತ್ರಿ ಕಾಯುವ ನಿಗಾ ಕೇಂದ್ರ ಕೂಡ ಇದೇ ವಲಯದ ಫುವೊರಿಗ್ರೊತ್ತಾ ಬಡಾವಣೆಯಲ್ಲಿದೆ. ಭಾರತದ ಸಕ್ರಿಯ ಜ್ವಾಲಾಮುಖಿಯಾದ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಜನವಸತಿಯೇ ಇಲ್ಲವಾದ್ದರಿಂದ ನಮಗೆ ಈ ಬಗೆಯ ಇಕ್ಕಟ್ಟಿನ ಅನುಭವವಿಲ್ಲ.

ಕಂಬದ ಮೇಲಿನ ತೂತುಗಳು

ಯಂತ್ರಗಳಿಲ್ಲದ ಕಾಲದ ಏರಿಳಿತವೂ ಇಲ್ಲಿ ದಾಖಲಾಗಿದೆ. ಪೊಟ್ಸುವೊಲಿಯ ಬಂದರಿನ ಹತ್ತಿರ ರೋಮನ್ನರ ಕಾಲದ ಮಾರುಕಟ್ಟೆಯೊಂದರ ಅವಶೇಷವಿದೆ. 1750ರಲ್ಲಿ ಅಗೆದಾಗ ಸೆರಾಪಿಸ್ ದೇವರ ವಿಗ್ರಹ ಸಿಕ್ಕಿದ್ದರಿಂದ ಬಹುಕಾಲ ಅದನ್ನು ದೇವಸ್ಥಾನವೆಂದೇ ತಿಳಿದಿದ್ದರು. ಅಲ್ಲಿ ಮೂರು ಅಮೃತಶಿಲೆಯ ಕಂಬಗಳು ಇನ್ನೂ ನೆಟ್ಟಗೆ ನಿಂತಿವೆ. ಬುಡದಿಂದ ಸುಮಾರು 12 ಅಡಿಯವರೆಗೆ ಕಲ್ಲು ನಯ. ಅದರ ಮೇಲೆ ಸುಮಾರು 9 ಅಡಿ ಎತ್ತರದ ಪಟ್ಟಿಯಲ್ಲಿ ಒತ್ತೊತ್ತಾಗಿ ತೂತುಗಳು. ಮತ್ತೆ ಮೇಲೆ ನಯ.

ತೂತು ಕೊರೆದದ್ದು ಕಲ್ಲನ್ನು ತಿಂದು ಒಳಗೆ ಮನೆ ಮಾಡಿಕೊಳ್ಳುವ ಕಡಲ ಚಿಪ್ಪುಜೀವಿ. ಅದು ಬದುಕುವುದು ಸಮುದ್ರದ ನೀರಿನಲ್ಲಿ ಮಾತ್ರ. ಹಾಗಾದರೆ, ಒಣನೆಲದ ಮೇಲೆ ಕಟ್ಟಿದ ಮಾರುಕಟ್ಟೆ ಯಾವುದೋ ಕಾಲದಲ್ಲಿ ಕಡಲೊಳಗೆ ಇಳಿದು, ಮತ್ತೆ ಮೇಲೆ ಬಂದಿದೆ, ಅದೂ ಕಂಬಗಳು ಬೀಳದಷ್ಟು ನಿಧಾನವಾಗಿ! ಬುಡದ ಭಾಗ ಆಗ ಬೂದಿ, ಮಣ್ಣಿನಲ್ಲಿ ಹೂತುಹೋಗಿದ್ದರಿಂದ ಚಿಪ್ಪುಜೀವಿಗೆ ಸಿಗಲಿಲ್ಲ. ಚಾರ್ಲ್ಸ್ ಲಯೆಲ್ ತನ್ನ ಹೆಸರಾಂತ ಭೂವಿಜ್ಞಾನ ಗ್ರಂಥದ ಮೊದಲ ಸಂಪುಟಕ್ಕೆ 1830ರಲ್ಲಿ ಈ ಕಂಬಗಳ ಚಿತ್ರವನ್ನೇ ಮುಖಚಿತ್ರವಾಗಿ ಹಾಕಿದ. ನೆಲ ಎನ್ನುವುದು ಸ್ಥಿರವಲ್ಲ ಎಂದು ತೋರಿಸಲು ಅವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

1538ರ ಸೆಪ್ಟೆಂಬರ್

ಇಲ್ಲಿನ ಕೊನೆಯ ಸ್ಫೋಟದ ಮುನ್ಸೂಚನೆಗಳು ಸರ್ಕಾರಿ ಕಾಗದಪತ್ರಗಳಲ್ಲೂ ಉಳಿದಿವೆ ಎನ್ನುವುದು ಸ್ವಾರಸ್ಯ. 1503ರಲ್ಲಿ ಸ್ಪೇನಿನ ರಾಜ ಫರ್ಡಿನಾಂಡ್ ಮತ್ತು ರಾಣಿ ಇಸಬೆಲ್ಲಾ, ಸಮುದ್ರ ಒಣಗುತ್ತಿರುವ ಕಡೆಯ ಜಾಗವನ್ನು ಪೊಟ್ಸುವೊಲಿಗೆ ಬರೆದುಕೊಟ್ಟರು. 1511ರಲ್ಲಿ ಅಂಥದೇ ಇನ್ನೊಂದು ದಾನಪತ್ರ. ಜನರಿಗೆ ಅದು ಪುಕ್ಕಟೆ ಸಿಕ್ಕ ಭೂಮಿ. ಈಗಿನ ವಿಜ್ಞಾನಿ ಓದಿದರೆ, ಸ್ಫೋಟಕ್ಕೆ ಮೂರು ದಶಕ ಮೊದಲೇ ನೆಲ ಏಳತೊಡಗಿತ್ತು ಎಂಬುದರ ದಾಖಲೆ.

1536ರಿಂದ ಭೂಕಂಪಗಳು ಹೆಚ್ಚಾದವು. 1538ರ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಕಡಲು ದೂರಕ್ಕೆ ಸರಿದು ಮೀನುಗಳು ದಂಡೆಯಲ್ಲೇ ಉಳಿದವು. 29ರಂದು ನೆಲ ಬಾಯಿಬಿಟ್ಟಿತು. ಟ್ರಿಪೆರ್ಗೊಲೆ ಎಂಬ ಹಳ್ಳಿ ಇದ್ದ ಜಾಗದಲ್ಲಿ ಒಂದು ವಾರದೊಳಗೆ ಹೊಸ ಬೆಟ್ಟವೇ ಎದ್ದಿತು. ಹೆಸರು ಮೊಂಟೆ ನುವೊವೊ, ಎತ್ತರ 133 ಮೀಟರ್. ಸದ್ದಡಗಿತೆಂದು ಅಕ್ಟೋಬರ್ 6ರಂದು ಅದನ್ನು ಹತ್ತಿ ನೋಡಲು ಹೋದ ಸುಮಾರು ಇಪ್ಪತ್ತನಾಲ್ಕು ಮಂದಿ ಕೊನೆಯ ಸಿಡಿತಕ್ಕೆ ಸಿಕ್ಕಿ ಸತ್ತರು.

ಆಮೇಲೆ ನಾಲ್ಕು ಶತಮಾನ ನೆಲ ನಿಧಾನವಾಗಿ ಕುಸಿಯುತ್ತ ಹೋಯಿತು. 1950ರ ದಶಕದ ಮೊದಲಲ್ಲಿ ಮತ್ತೆ ಮೇಲೇಳತೊಡಗಿತು.

ನಡುಕವನ್ನು ಓದುವ ಬಗೆ

ಕಾಂಪಿ ಫ್ಲೆಗ್ರೇಯನ್ನೂ ಕಾಯುವ ವೆಸೂವಿಯಸ್ ವೀಕ್ಷಣಾಲಯವನ್ನು 1841ರಲ್ಲಿ ನೇಪಲ್ಸಿನ ದೊರೆ ಎರಡನೆಯ ಫರ್ಡಿನಾಂಡ್ ಸ್ಥಾಪಿಸಿದ. ಜ್ವಾಲಾಮುಖಿಗೆಂದೇ ಕಟ್ಟಿದ ವೀಕ್ಷಣಾಲಯಗಳಲ್ಲಿ ಜಗತ್ತಿಗೇ ಹಳೆಯದು ಇದು. ಇಲ್ಲಿ ಲೂಯಿಜಿ ಪಾಲ್ಮಿಯೆರಿ 1856ರಲ್ಲಿ ವಿದ್ಯುತ್ಕಾಂತದಿಂದ ಕೆಲಸ ಮಾಡುವ ಭೂಕಂಪಮಾಪಕವನ್ನು ರೂಪಿಸಿದ. 1872ರಲ್ಲಿ ವೆಸೂವಿಯಸ್ ಉಕ್ಕಿ ಲಾವಾ ಕಟ್ಟಡದ ಎರಡೂ ಬದಿಗೆ ಹರಿದಾಗಲೂ ಅವನು ಜಾಗ ಬಿಟ್ಟು ಕದಲಲಿಲ್ಲ. ಇಂದು ಈ ವೀಕ್ಷಣಾಲಯ ಇಟಲಿಯ ರಾಷ್ಟ್ರೀಯ ಭೂಭೌತ ಮತ್ತು ಜ್ವಾಲಾಮುಖಿ ವಿಜ್ಞಾನ ಸಂಸ್ಥೆಯ ಭಾಗ.

ಕಲ್ಲು ಒಡೆದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ವೇಗದ ‘ಪಿ’ ಅಲೆ ಮೊದಲು ಮುಟ್ಟುತ್ತದೆ, ‘ಎಸ್’ ಅಲೆ ಹಿಂದಿನಿಂದ ಬರುತ್ತದೆ. ಎರಡರ ನಡುವಿನ ಅಂತರದಿಂದ ದೂರ ತಿಳಿಯುತ್ತದೆ, ಹಲವು ಮಾಪಕಗಳ ಲೆಕ್ಕ ಕೂಡಿಸಿದರೆ ಜಾಗ ಮತ್ತು ಆಳ. ಗೌರಿಬಿದನೂರಿನಲ್ಲಿ 1965ರಿಂದ ಇರುವ ಮಾಪಕಗಳ ಸಾಲನ್ನು ಹಾಕಿದ್ದು ಸಾವಿರಾರು ಕಿಲೋಮೀಟರ್ ಆಚೆಯ ಅಣುಪರೀಕ್ಷೆಗಳನ್ನು ಹಿಡಿಯಲೆಂದು. ಅದಕ್ಕೆ ಗದ್ದಲವಿಲ್ಲದ ಬಯಲು ಸಿಕ್ಕಿತ್ತು. ಪೊಟ್ಸುವೊಲಿಯಲ್ಲಿ ಕಥೆ ತಿರುಗುಮುರುಗು. ಭೂಕಂಪ ಕಾಲಡಿಯಲ್ಲೇ, ಎರಡು ಮೂರು ಕಿಲೋಮೀಟರ್ ಕೆಳಗೆ. ಎರಡು ಅಲೆಗಳ ನಡುವೆ ಒಂದು ಸೆಕೆಂಡೂ ಇರುವುದಿಲ್ಲ. ಮೇಲೆ ರೈಲು, ಲಾರಿ, ಕಡಲ ಅಲೆ ಎಲ್ಲದರ ಸದ್ದು. ನೇಪಲ್ಸ್ ತಂಡ ಗೋಲು ಹೊಡೆದಾಗ ಜನ ಕುಣಿಯುವುದೂ ಮಾಪಕದಲ್ಲಿ ಮೂಡುತ್ತದೆ. ಅದಕ್ಕೇ ಕೆಲವು ಉಪಕರಣಗಳನ್ನು ಕೊಳವೆಬಾವಿಯೊಳಗೆ ಇಳಿಸಿದ್ದಾರೆ, ಕೆಲವನ್ನು ಕೊಲ್ಲಿಯ ತಳಕ್ಕೆ ಮುಟ್ಟಿಸಿದ್ದಾರೆ.

ಇಲ್ಲಿ ತೀವ್ರತೆಯನ್ನು ಮುಖ್ಯವಾಗಿ ಅಳೆಯುವುದು ಕಂಪನ ಎಷ್ಟು ಹೊತ್ತು ಮುಂದುವರಿಯಿತು ಎಂಬುದರಿಂದ. ಒಂದರ ಹಿಂದೊಂದು ಕಂಪನ ಬಂದು ಒಂದರೊಳಗೊಂದು ಸೇರಿಕೊಂಡಾಗ ಈ ಲೆಕ್ಕ ಕಷ್ಟವಾಗುತ್ತದೆ. 2025ರ ಮಾರ್ಚ್ 13ರ ನಸುಕಿನ ಭೂಕಂಪಕ್ಕೆ ಮೊದಲು 4.4 ಎಂದು ಹೇಳಿ, ಆಮೇಲೆ 4.6ಕ್ಕೆ ತಿದ್ದಿದರು. ತಿದ್ದುವುದು ವಿಜ್ಞಾನಕ್ಕೆ ಸಹಜ. ರಾತ್ರಿಯೆಲ್ಲ ಬೀದಿಯಲ್ಲಿ ಕಳೆದವರಿಗೆ ಮಾತ್ರ ಏನೋ ಮುಚ್ಚಿಡುತ್ತಿದ್ದಾರೆ ಎನ್ನಿಸುತ್ತದೆ.

ಎಲ್ಲ ನಡುಕವೂ ಒಂದೇ ಬಗೆಯದಲ್ಲ. ಕಲ್ಲು ಒಡೆದಾಗ ಬರುವುದು ಚೂಪಾದ, ತಟಕ್ಕನೆ ಶುರುವಾಗುವ ಗುರುತು. ಬಿಸಿದ್ರವವೋ ಅನಿಲವೋ ಬಿರುಕುಗಳಲ್ಲಿ ನುಗ್ಗಿದಾಗ ಮೂಡುವುದು ನಿಧಾನದ, ಉದ್ದನೆಯ ಅಲೆ. ಬಿಡದೆ ಗಂಟೆಗಟ್ಟಲೆ ಸಾಗುವ ಗುಂಯ್‌ಗುಡಿತ ಮೂರನೆಯದು. ಕಾಂಪಿ ಫ್ಲೆಗ್ರೇಯಲ್ಲಿ ಸದ್ಯಕ್ಕೆ ಬಹುಪಾಲು ಮೊದಲನೆಯ ಬಗೆ. ಶಿಲಾಪಾಕ ಮೇಲಕ್ಕೆ ದಾರಿ ಮಾಡಿಕೊಳ್ಳತೊಡಗಿದರೆ ಉಳಿದೆರಡು ಹೆಚ್ಚಾಗಬೇಕು, ಭೂಕಂಪಗಳ ಜಾಗವೂ ಸರಿಯುತ್ತ ಹೋಗಬೇಕು. ನಿಗಾ ಕೇಂದ್ರದ ಪರದೆಗಳ ಮುಂದೆ ಕುಳಿತವರು ಹುಡುಕುತ್ತಿರುವುದು ಅದನ್ನೇ.

2025ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಟಲಿಯ ವಿಜ್ಞಾನಿಗಳ ಜೊತೆಗೂಡಿ ಹಳೆಯ ದಾಖಲೆಗಳನ್ನೆಲ್ಲ ಕೃತಕ ಬುದ್ಧಿಮತ್ತೆಗೆ ಒಡ್ಡಿದರು. 2022ರಿಂದೀಚೆಗೆ 54,000ಕ್ಕೂ ಹೆಚ್ಚು ಕಂಪನಗಳು ಸಿಕ್ಕವು. ಮೊದಲಿನ ಪಟ್ಟಿಗಿಂತ ನಾಲ್ಕರಷ್ಟು. ಅವನ್ನೆಲ್ಲ ನಕ್ಷೆಯ ಮೇಲೆ ಇಟ್ಟಾಗ, ಏಳುತ್ತಿರುವ ಪ್ರದೇಶವನ್ನು ಸುತ್ತುವರಿದ ಉಂಗುರದಂಥ ಬಿರುಕು ಸ್ಪಷ್ಟವಾಗಿ ಕಂಡಿತು.

ಮಿಲಿಮೀಟರುಗಳ ಲೆಕ್ಕ

ಹಿಂದೆ ಸರ್ವೆಯವರು ದುರ್ಬೀನು, ಅಳತೆಪಟ್ಟಿ ಹಿಡಿದು ರಸ್ತೆಯುದ್ದಕ್ಕೂ ಎತ್ತರ ಅಳೆಯುತ್ತಿದ್ದರು. ಬಂದರಿನ ಉಬ್ಬರವಿಳಿತದ ಮಾಪಕವೂ ನೆಲದ ಏರಿಕೆ ತೋರಿಸುತ್ತಿತ್ತು. ಈಗ ಛಾವಣಿಗಳ ಮೇಲೆ, ಕಟ್ಟೆಗಳ ಮೇಲೆ ಕೂರಿಸಿದ ಜಿಪಿಎಸ್ ನಿಲ್ದಾಣಗಳು ಕೆಲವು ಮಿಲಿಮೀಟರ್ ಬದಲಾವಣೆಯನ್ನೂ ಹಿಡಿಯುತ್ತವೆ. ಕೊಲ್ಲಿಯಲ್ಲಿ ತೇಲುವ ನಾಲ್ಕು ಬುರುಡೆಗಳಿಗೂ ಜಿಪಿಎಸ್ ಕಟ್ಟಿ, ಕಡಲತಳದ ಏರಿಕೆಯನ್ನೂ ಅಳೆಯುತ್ತಾರೆ. ರಾಡಾರ್ ಉಪಗ್ರಹಗಳು ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಹಾದು, ಎರಡು ಚಿತ್ರಗಳ ನಡುವಿನ ವ್ಯತ್ಯಾಸದಿಂದ ಇಡೀ ಪ್ರದೇಶದ ಉಬ್ಬನ್ನು ಬಣ್ಣದ ಬಳೆಗಳಾಗಿ ತೋರಿಸುತ್ತವೆ.

ಉಬ್ಬು ಪೊಟ್ಸುವೊಲಿಯ ಮಧ್ಯದಲ್ಲಿ ಅತಿ ಹೆಚ್ಚು, ಅಂಚಿನ ಕಡೆಗೆ ಕಡಿಮೆಯಾಗುತ್ತ ಸುತ್ತಲೂ ಇಳಿಯುತ್ತದೆ. ಹೆಂಚಿನ ಮೇಲೆ ಒಳಗಿನ ಹಬೆಗೆ ಜೋಳದ ರೊಟ್ಟಿ ಉಬ್ಬುತ್ತದಲ್ಲ, ಹಾಗೆ. 1969ರಿಂದ 1972ರವರೆಗೆ ಸುಮಾರು 1.7 ಮೀಟರ್, 1982ರಿಂದ 1984ರವರೆಗೆ ಮತ್ತೆ ಸುಮಾರು 1.8 ಮೀಟರ್ ಏರಿತು. ಆಮೇಲೆ ಇಪ್ಪತ್ತು ವರ್ಷ ಇಳಿದು, 2005ರಿಂದ ಮತ್ತೊಂದು ಏರಿಕೆ. ಇದು ಮೊದಲಿನವಕ್ಕಿಂತ ಬಹಳ ನಿಧಾನ. ಆದರೆ 2022ರ ಹೊತ್ತಿಗೆ ನೆಲ 1984ರ ಎತ್ತರವನ್ನು ದಾಟಿತು. ಕಲ್ಲು ಈಚಿನ ದಶಕಗಳಲ್ಲಿ ಎಂದೂ ತಾಳದಷ್ಟು ಒತ್ತಡ ತಾಳಬೇಕಾಗಿ ಬಂದಿದೆ. ಆಮೇಲಿನ ಭೂಕಂಪಗಳ ಭರಾಟೆಗೆ ಇದೂ ಕಾರಣವೆಂದು ಹಲವರ ಅಭಿಪ್ರಾಯ. 2025ರ ಫೆಬ್ರುವರಿ–ಮಾರ್ಚ್‌ನಲ್ಲಿ ಏರಿಕೆ ತಿಂಗಳಿಗೆ ಸುಮಾರು 30 ಮಿಲಿಮೀಟರಿಗೆ ಮುಟ್ಟಿತ್ತು.

ಹಬೆಯಲ್ಲಿ ಏನಿದೆ?

ಪೊಟ್ಸುವೊಲಿಯ ಮೇಲ್ಬದಿಯಲ್ಲಿ ಸೊಲ್ಫತಾರಾ ಎಂಬ ಕುಳಿಯಿದೆ. ಬಿಳಿಚಿದ ನೆಲ, ಹಳದಿ ಗಂಧಕ ಮೆತ್ತಿಕೊಂಡ ರಂಧ್ರಗಳು, ಮೊಟ್ಟೆ ಕೊಳೆತ ವಾಸನೆ. ಒಂದು ಕಾಲಕ್ಕೆ ಪ್ರವಾಸಿಗರ ತಾಣ. 2017ರ ಸೆಪ್ಟೆಂಬರಿನಲ್ಲಿ ತಂದೆ, ತಾಯಿ, ಮಗ ಮೂವರೂ ಕುಸಿದ ಗುಂಡಿಗೆ ಬಿದ್ದು ಸತ್ತ ಮೇಲೆ ಅದನ್ನು ಮುಚ್ಚಿದರು. ಅದರ ಪೂರ್ವಕ್ಕೆ ಅನತಿ ದೂರದಲ್ಲಿ ಪಿಶ್ಯಾರೆಲ್ಲಿ. ಅಲ್ಲೊಂದು ಕೆಸರಿನ ಹೊಂಡ ಸದಾ ಕುದಿಯುತ್ತದೆ, ಪಕ್ಕದ ರಂಧ್ರ ಬುಸುಗುಡುತ್ತ ಸುಮಾರು 95 ಡಿಗ್ರಿ ಸೆಲ್ಸಿಯಸ್ ಹಬೆ ಉಗುಳುತ್ತದೆ. ಆ ಕುದಿತದ ಸಣ್ಣ ಕಂಪನವನ್ನೇ ಹತ್ತಿರದ ಭೂಕಂಪಮಾಪಕ ಸದಾ ಅಳೆಯುತ್ತದೆ. ಕಂಪನ ಜೋರಾದರೆ ಹಬೆಯೂ ಜೋರಾಗಿದೆ ಎಂದರ್ಥ.

ರಸಾಯನ ತಜ್ಞರು ಹಬೆಯನ್ನು ಸೀಸೆಗಳಲ್ಲಿ ತುಂಬಿಕೊಂಡು ಹೋಗಿ ಇಂಗಾಲದ ಡೈಆಕ್ಸೈಡ್, ನೀರಾವಿ, ಮೀಥೇನ್, ಗಂಧಕದ ಅನಿಲಗಳ ಪ್ರಮಾಣ ಹೋಲಿಸುತ್ತಾರೆ. ಸೊಲ್ಫತಾರಾ–ಪಿಶ್ಯಾರೆಲ್ಲಿ ಪ್ರದೇಶದಿಂದ ಈಚಿನ ವರ್ಷಗಳಲ್ಲಿ ದಿನಕ್ಕೆ 4,000ದಿಂದ 5,000 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ. ಇದು ಗಾಳಿಗಿಂತ ಭಾರ. ನೆಲಮಾಳಿಗೆಗಳಲ್ಲಿ ತುಂಬಿಕೊಂಡರೆ ಉಸಿರು ಕಟ್ಟಿಸುತ್ತದೆ. ತಜ್ಞರು ಹೆಚ್ಚು ಎಚ್ಚರದಿಂದ ನೋಡುವುದು ಗಂಧಕದ ಡೈಆಕ್ಸೈಡನ್ನು. ಅಂತರ್ಜಲ ಅದನ್ನು ಕರಗಿಸಿ ತಡೆಯುತ್ತದೆ. ತಡೆ ಮೀರಿ ಹೊರಬಂದರೆ ಶಿಲಾಪಾಕ ಹತ್ತಿರ ಬಂದಿದೆ ಎನ್ನಬೇಕು. ಫಿಲಿಪೀನ್ಸಿನ ಪಿನಾಟುಬೊದಲ್ಲಿ 1991ರ ಮೇ 13ರಂದು ದಿನಕ್ಕೆ 500 ಟನ್ ಇದ್ದದ್ದು 28ರ ಹೊತ್ತಿಗೆ 5,000 ಟನ್ನಿಗೇರಿತ್ತು. ಜೂನ್ 15ರಂದು ಆ ಬೆಟ್ಟ ಸಿಡಿಯಿತು.

ಶಿಲಾಪಾಕವೋ, ಹಬೆಯೋ?

ವಿಜ್ಞಾನಿಗಳಲ್ಲೇ ಒಮ್ಮತವಿಲ್ಲದ ಪ್ರಶ್ನೆ ಇದು. ಭೂಕಂಪದ ಅಲೆಗಳ ಓಟದ ವೇಗದಿಂದ ಒಳಗಿನ ಚಿತ್ರ ಬರೆದವರು, ಶಿಲಾಪಾಕದ ದೊಡ್ಡ ಸಂಗ್ರಹ ಏಳೆಂಟು ಕಿಲೋಮೀಟರ್ ಆಳದಲ್ಲಿದೆ ಎನ್ನುತ್ತಾರೆ. ಅದಕ್ಕಿಂತ ಮೇಲೆ ಬಿಸಿನೀರು, ಹಬೆ, ಅನಿಲ ತುಂಬಿದ ಬಂಡೆ. ಹಿಂದೆ ಭೂಶಾಖದ ವಿದ್ಯುತ್ತಿಗೆಂದು ಸಾನ್ ವೀತೊದಲ್ಲಿ ಕೊರೆದ ಬಾವಿಯಲ್ಲಿ ಮೂರು ಕಿಲೋಮೀಟರ್ ಆಳಕ್ಕೇ ಶಾಖ 400 ಡಿಗ್ರಿ ಮೀರಿತ್ತು. ನೆಲವನ್ನು ಎತ್ತುತ್ತಿರುವುದು ಆಳದಿಂದ ಬರುವ ಅನಿಲದ ಒತ್ತಡವೇ ಎಂದು ಒಂದು ಪಕ್ಷ, ನಾಲ್ಕೈದು ಕಿಲೋಮೀಟರಿನಷ್ಟು ಮೇಲಕ್ಕೆ ಸ್ವಲ್ಪ ಶಿಲಾಪಾಕವೂ ನುಗ್ಗಿರಬೇಕೆಂದು ಇನ್ನೊಂದು. ತೂಕ ಹೇಳುವುದು ಗುರುತ್ವಮಾಪಕ. ಒಳಗೆ ಸೇರಿದ್ದು ಭಾರದ ಶಿಲಾಪಾಕವೋ ಹಗುರ ಅನಿಲವೋ ಎಂಬುದಕ್ಕೆ ಅದರ ಅಳತೆಯಿಂದ ಸುಳಿವು ಸಿಗಬಹುದು, ತೀರ್ಪು ಸಿಗುವುದಿಲ್ಲ.

ನನಗೆ ಕಾಣುವಂತೆ ಈ ಭಿನ್ನಾಭಿಪ್ರಾಯವನ್ನು ಜನರ ಮುಂದೆ ಮುಚ್ಚಿಡದಿರುವುದೇ ಒಳ್ಳೆಯದು. ವೀಕ್ಷಣಾಲಯ ಪ್ರತಿವಾರ ಪ್ರಕಟಿಸುವ ವರದಿಯಲ್ಲಿ ಅಳತೆಗಳೆಲ್ಲ ಇರುತ್ತವೆ, ಯಾರು ಬೇಕಾದರೂ ಓದಬಹುದು.

ಎರಡು ಬಗೆಯ ತಪ್ಪು

ಇಟಲಿಯಲ್ಲಿ ಜ್ವಾಲಾಮುಖಿಯ ಎಚ್ಚರಿಕೆಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಮಟ್ಟ. ಕಾಂಪಿ ಫ್ಲೆಗ್ರೇ 2012ರ ಡಿಸೆಂಬರಿನಿಂದ ಹಳದಿಯಲ್ಲಿದೆ. ಎಷ್ಟು ಕಂಪನಕ್ಕೆ, ಎಷ್ಟು ಮಿಲಿಮೀಟರಿಗೆ ಮಟ್ಟ ಬದಲಿಸಬೇಕು ಎಂಬ ಸಿದ್ಧಸೂತ್ರವಿಲ್ಲ. ತಜ್ಞರು ಎಲ್ಲವನ್ನೂ ಕೂಡಿಸಿ ನೋಡಿ ಅಭಿಪ್ರಾಯ ಹೇಳಬೇಕು, ಸರ್ಕಾರ ತೀರ್ಮಾನಿಸಬೇಕು.

ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ಕೊಲಂಬಿಯಾದ ನೆವಾಡೊ ದೆಲ್ ರೂಯಿಸ್ ಇದೆ. ಅಪಾಯದ ನಕ್ಷೆ ಮೊದಲೇ ಸಿದ್ಧವಾಗಿತ್ತು. ಆದರೂ 1985ರ ನವೆಂಬರ್ 13ರ ರಾತ್ರಿ ಕೆಸರಿನ ಪ್ರವಾಹಕ್ಕೆ ಸುಮಾರು 23,000 ಜನ ಬಲಿಯಾದರು. ಬೇಗ ಎಚ್ಚರಿಸಿದರೂ ಕಷ್ಟವೇ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ 1976ರಲ್ಲಿ ಸುಮಾರು 72,000 ಮಂದಿಯನ್ನು ತಿಂಗಳುಗಟ್ಟಲೆ ಮನೆ ಬಿಡಿಸಿದರು. ನಿರೀಕ್ಷಿಸಿದ ಮಹಾಸ್ಫೋಟ ಆಗಲೇ ಇಲ್ಲ. ವಿಜ್ಞಾನಿಗಳು ಪತ್ರಿಕೆಗಳಲ್ಲಿ ಬಹಿರಂಗವಾಗಿ ಜಗಳಾಡಿಕೊಂಡರು.

ಪೊಟ್ಸುವೊಲಿ ಈ ಎರಡನೆಯ ಬಗೆಯನ್ನು ಎರಡು ಸಲ ಉಂಡಿದೆ. 1970ರ ಮಾರ್ಚ್ 2ರಂದು ಬಂದರಿನ ಮೇಲಿನ ಹಳೆಯ ಕೇರಿ ರಿಯೋನೆ ತೆರ್ರಾದಿಂದ ಸುಮಾರು 3,000 ಜನರನ್ನು ಪೊಲೀಸರು, ಸೈನಿಕರು ದಿಢೀರನೆ ಹೊರಡಿಸಿದರು. ಅವರು ಮತ್ತೆ ಅಲ್ಲಿಗೆ ಮರಳಿ ಸಂಸಾರ ಹೂಡಲಿಲ್ಲ. 1983ರ ಅಕ್ಟೋಬರಿನ ಭೂಕಂಪದ ಮೇಲೆ ಸುಮಾರು 40,000 ಮಂದಿ ಮನೆ ಬಿಟ್ಟರು, ಅವರಿಗಾಗಿ ಮೊಂತೆರುಶೆಲ್ಲೊ ಎಂಬ ಹೊಸ ಊರೇ ಕಟ್ಟಲಾಯಿತು. 1984ರ ಏಪ್ರಿಲ್ 1ರಂದು ಒಂದೇ ದಿನ ಐನೂರಕ್ಕೂ ಹೆಚ್ಚು ಕಂಪನಗಳಾದವು. ಕೆಲವು ತಿಂಗಳಲ್ಲಿ ಎಲ್ಲ ತಣ್ಣಗಾಯಿತು. ಸ್ಫೋಟವಿಲ್ಲ. ಈಗ ಅರವತ್ತು, ಎಪ್ಪತ್ತು ದಾಟಿದವರಿಗೆ ಇದೆಲ್ಲ ಚೆನ್ನಾಗಿ ನೆನಪಿದೆ. ಮತ್ತೊಮ್ಮೆ ಹೊರಡಿ ಎಂದರೆ ಅವರು ಸುಲಭಕ್ಕೆ ನಂಬುವವರಲ್ಲ.

ಮಾತಾಡುವ ವಿಜ್ಞಾನಿಗೂ ಭಯವಿದೆ. 2009ರಲ್ಲಿ ಇಟಲಿಯದೇ ಲಾಕ್ವಿಲಾ ನಗರದ ಭೂಕಂಪದ ಮುಂಚೆ ಜನರಿಗೆ ಹುಸಿ ಧೈರ್ಯ ತುಂಬಿದರೆಂದು ಆರು ತಜ್ಞರು ಮತ್ತು ಒಬ್ಬ ಅಧಿಕಾರಿಗೆ 2012ರಲ್ಲಿ ಆರು ವರ್ಷಗಳ ಸಜೆಯಾಯಿತು. ಮೇಲ್ಮನವಿಯಲ್ಲಿ 2014ರಲ್ಲಿ ತಜ್ಞರು ಖುಲಾಸೆಯಾದರು. ಅಂದಿನಿಂದ ಇಟಲಿಯ ಭೂವಿಜ್ಞಾನಿಗಳು ಒಂದೊಂದು ಮಾತನ್ನೂ ತೂಗಿ ಆಡುತ್ತಾರೆ, ಕೆಲವೊಮ್ಮೆ ಏನೂ ಅರ್ಥವಾಗದಷ್ಟು ತೂಗಿ.

ಸ್ಫೋಟಕ್ಕೆ ಮೊದಲಿನ ಅಪಾಯ

ಹೊರಗಿನ ಪತ್ರಿಕೆಗಳು ‘ಮಹಾಜ್ವಾಲಾಮುಖಿ’ ಎಂದು ದೊಡ್ಡಕ್ಷರದಲ್ಲಿ ಬರೆದಾಗ ಒಂದು ಸಂಗತಿ ಮರೆಯಾಗುತ್ತದೆ: ಸ್ಫೋಟವೇ ಆಗದಿದ್ದರೂ ಭೂಕಂಪಗಳಿಂದಲೇ ಊರಿಗೆ ಪೆಟ್ಟು ಬೀಳುತ್ತಿದೆ. 4.4 ತೀವ್ರತೆ ಕಾಗದದ ಮೇಲೆ ಸಣ್ಣದು. ಎರಡೂವರೆ ಕಿಲೋಮೀಟರ್ ಆಳದಲ್ಲಾದರೆ ಮೇಲಿನ ಹಳೆಯ ಕಲ್ಲುಗೋಡೆಗೆ ಅದೇ ಸಾಕು. ಬರುವ ಮುನ್ನ ನೆಲದಡಿಯಿಂದ ಗುಂಡು ಹಾರಿದಂಥ ಸದ್ದು ಕೇಳುತ್ತದೆ ಎಂದು ಊರಿನವರು ಹೇಳುತ್ತಾರೆ. 2024ರ ಮೇ 20ರ ರಾತ್ರಿಯ ಭೂಕಂಪದಿಂದ ಸುಮಾರು 1,500 ಜನ ಮನೆ ಬಿಡಬೇಕಾಯಿತು, ಪೊಟ್ಸುವೊಲಿಯ ಮಹಿಳಾ ಕಾರಾಗೃಹವನ್ನೇ ಖಾಲಿ ಮಾಡಿಸಿದರು. 2025ರ ಮಾರ್ಚ್ 13ರಂದು ಬಾನ್ಯೋಲಿಯಲ್ಲಿ ಛಾವಣಿ ಕುಸಿದು ಸಿಕ್ಕಿಕೊಂಡ ಮಹಿಳೆಯನ್ನು ಹೊರತೆಗೆದರು. ಅದೇ ವರ್ಷ ಜೂನ್ 30ರಂದು ಮತ್ತೆ 4.6. ಅಲ್ಲಿಯವರೆಗಿನ ನಾಲ್ಕು ದಶಕಗಳಲ್ಲಿ ಇಷ್ಟು ಜೋರಾದದ್ದು ಈ ಎರಡೇ.

2023ರ ಅಕ್ಟೋಬರಿನಲ್ಲಿ ಸರ್ಕಾರ ವಿಶೇಷ ಕಾನೂನು ತಂದು, ಕಟ್ಟಡಗಳ ಗಟ್ಟಿತನ ಪರೀಕ್ಷಿಸಲು, ಭದ್ರಪಡಿಸಲು ಹಣ ಒದಗಿಸಿತು. ಕೆಲಸ ಮನೆಮನೆಗೆ ಹೋಗಿ ಮಾಡಬೇಕಾದ್ದು, ಹಾಗಾಗಿ ನಿಧಾನ. ಸ್ಫೋಟದ ಮುನ್ಸೂಚನೆ ಸಿಕ್ಕರೆ ಕೆಂಪು ವಲಯದ ಐದು ಲಕ್ಷ ಜನರನ್ನು 72 ಗಂಟೆಗಳಲ್ಲಿ ಬಸ್ಸು, ರೈಲು, ಹಡಗುಗಳಲ್ಲಿ ಇಟಲಿಯ ಬೇರೆ ಬೇರೆ ಪ್ರಾಂತ್ಯಗಳಿಗೆ ಸಾಗಿಸುವ ಯೋಜನೆಯೂ ಸಿದ್ಧವಿದೆ. ಯಾವ ಬಡಾವಣೆಯವರು ಯಾವ ಪ್ರಾಂತ್ಯಕ್ಕೆ ಎಂಬುದೂ ಮೊದಲೇ ಗೊತ್ತು. ಕಾಗದದ ಮೇಲೆ ಕೊರತೆಯೇನಿಲ್ಲ. ಆದರೆ ಈಗಿನ ಪ್ರತಿ ದೊಡ್ಡ ಕಂಪನದ ಬಳಿಕ ಹಳಿ, ಸುರಂಗ ಪರೀಕ್ಷಿಸಬೇಕೆಂದು ಪೊಟ್ಸುವೊಲಿಗೆ ಬರುವ ಕುಮಾನಾ ರೈಲು ಮತ್ತು ಮೆಟ್ರೊ ಮಾರ್ಗಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ಬಂದರಿನ ನೆಲ ಏರುತ್ತಲೇ ಇರುವುದರಿಂದ ಹಡಗುಗಳು ಕಟ್ಟೆಗೆ ಬರುವುದೂ ಕಷ್ಟವಾಗುತ್ತಿದೆ. ಭಾರೀ ಸ್ಫೋಟದ ಮುನ್ನಾದಿನಗಳಲ್ಲಿ ಭೂಕಂಪಗಳು ಇನ್ನೂ ಜೋರಾಗಿರಬಹುದು, ಮತ್ತು ಜನರನ್ನು ಸಾಗಿಸಲು ಯೋಜನೆ ನೆಚ್ಚಿಕೊಂಡಿರುವುದು ಇದೇ ಹಳಿಗಳನ್ನು, ಇದೇ ಕಟ್ಟೆಗಳನ್ನು.